ಮನೆಯಲ್ಲಿ ಕಡಲ ನೀರಿನ ತೊಟ್ಟಿ. ಹೊಸ ನೀರು ಹದಕ್ಕೆ ಬರುವ ಕ್ರಮ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಹವಳದ ದಿಬ್ಬಗಳಲ್ಲಿ ವಾಸಿಸುವ ಬಣ್ಣದ ಮೀನುಗಳನ್ನು ಮನೆಯಲ್ಲಿ ಸಾಕುವ ಪದ್ಧತಿಯು ಪಟ್ಟಣಗಳಲ್ಲಿ ಬಳಕೆಗೆ ಬಂದಿರುವುದು. ಅದನ್ನು ಕಂಡು, ತಮ್ಮ ಮನೆಯ ಪಡಸಾಲೆಯಲ್ಲಿಯೂ ಅಂಥದೊಂದು ಇರಬೇಕೆಂದು ಅಪೇಕ್ಷಿಸುವ ಜಮೀನುದಾರರೂ ಉಂಟು. ಇದಕ್ಕೆ ತಗಲುವ ವೆಚ್ಚವು ಸ್ವಲ್ಪವಲ್ಲ. ಆದಾಗ್ಯೂ, ತೊಟ್ಟಿಯನ್ನು ತಂದ ಒಂದೆರಡು ವಾರಗಳೊಳಗಾಗಿ ಮೀನುಗಳು ಒಂದೊಂದಾಗಿ ಸತ್ತುಹೋಗುವುದು ಅನೇಕ ಕಡೆಗಳಲ್ಲಿ ಕಂಡುಬರತಕ್ಕ ಸಂಗತಿಯಾಗಿದೆ. ಆಗ ಮೀನಿನ ಜಾತಿಯನ್ನಾಗಲಿ, ಮಾರಿದವನನ್ನಾಗಲಿ, ತಮ್ಮ ಅದೃಷ್ಟವನ್ನಾಗಲಿ ಹಳಿಯುವುದು ವಾಡಿಕೆ. ನಿಜವಾದ ಕಾರಣವು ಸಾಮಾನ್ಯವಾಗಿ ಬೇರೆಯೇ ಆಗಿರುವುದು. ನೀರು ಕಣ್ಣಿಗೆ ತಿಳಿಯಾಗಿ ಕಂಡಿತೆಂದು, ಅದು ಹದಕ್ಕೆ ಬರುವುದಕ್ಕೆ ಮೊದಲೇ ಮೀನುಗಳನ್ನು ಬಿಟ್ಟಿರುವುದೇ ಈ ನಷ್ಟಕ್ಕೆ ಮೂಲ.

ನೀರು ಹದಕ್ಕೆ ಬರುವುದೆಂದರೇನು, ಅದಕ್ಕೆ ಒಂದು ತಿಂಗಳಿಗೂ ಮೇಲ್ಪಟ್ಟು ಏತಕ್ಕೆ ಕಾಯಬೇಕು, ಹದವಾಯಿತೆಂಬುದನ್ನು ತಿಳಿಯುವ ಬಗೆ ಹೇಗೆ, ಎಂಬೀ ಸಂಗತಿಗಳನ್ನು ಇಲ್ಲಿ ವಿವರಿಸಿದೆ. ಹೊಲದ ಮಣ್ಣಿನಲ್ಲಿ ಗೊಬ್ಬರವು ಬೆಳೆಗೆ ಒದಗುವ ಸಾರವಾಗಿ ಮಾರ್ಪಡುವ ಕ್ರಿಯೆಯೇ ಈ ತೊಟ್ಟಿಯಲ್ಲಿಯೂ ನಡೆಯುವುದರಿಂದ, ಒಕ್ಕಲುತನವನ್ನು ಬಲ್ಲವರಿಗೆ ಇದನ್ನು ಗ್ರಹಿಸುವುದು ಕಷ್ಟವಾಗಲಾರದು.

ಮಣ್ಣಿನ ಕ್ರಿಯೆಯೂ ತೊಟ್ಟಿಯ ಕ್ರಿಯೆಯೂ.— ದನದ ಕೊಟ್ಟಿಗೆಯಲ್ಲಿ ಗಂಜಲವು ನಿಂತು ಕೊಳೆತಾಗ ಮೂಗಿಗೆ ಹೊಡೆಯುವ ಘಾಟು ಅಮೋನಿಯಾ ಎಂಬ ಅನಿಲದ್ದು. ಇದು ಮಣ್ಣಿಗೆ ಸೇರಿದ ಮೇಲೆ ಸೂಕ್ಷ್ಮಜೀವಿಗಳ ಒಂದು ವರ್ಗವು ಅದನ್ನು ನೈಟ್ರೈಟ್ ಎಂಬ ಲವಣವನ್ನಾಗಿಯೂ, ಮತ್ತೊಂದು ವರ್ಗವು ಆ ನೈಟ್ರೈಟನ್ನು ನೈಟ್ರೇಟ್ ಎಂಬ ಲವಣವನ್ನಾಗಿಯೂ ಮಾರ್ಪಡಿಸುವುವು. ಪೆಟ್ಲುಪ್ಪಿನಲ್ಲಿರುವುದು ಈ ನೈಟ್ರೇಟೇ. ಬೆಳೆಗಳು ಸಾರಜನಕವನ್ನು ಬಹುಮಟ್ಟಿಗೆ ಈ ರೂಪದಲ್ಲಿಯೇ ಹೀರಿಕೊಳ್ಳುವುವು.

ಮೀನುಗಳು ತಮ್ಮ ಕಿವಿರುಗಳ ಮೂಲಕ ಹೊರಕ್ಕೆ ಬಿಡುವ ಕಶ್ಮಲವೂ ಮುಖ್ಯವಾಗಿ ಅಮೋನಿಯಾವೇ. ತಿನ್ನದೆ ಉಳಿದ ಆಹಾರವು ಕೊಳೆತಾಗಲೂ ಅದೇ ಹುಟ್ಟುವುದು. ಕಡಲಿನಲ್ಲಿ ನೀರಿಗೆ ಮಿತಿಯಿಲ್ಲವಾದುದರಿಂದ ಈ ವಿಷವು ನಿಲ್ಲುವುದಿಲ್ಲ. ನೂರೈವತ್ತು ಲೀಟರ್ ಹಿಡಿಯುವ ಗಾಜಿನ ತೊಟ್ಟಿಯಲ್ಲಾದರೋ ಅದು ದಿನದಿನಕ್ಕೂ ಕೂಡುತ್ತ ಹೋಗುವುದು. ಆದರೆ ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿಯೇ ಕಾಣುತ್ತಿರುವುದು. ಸಿಹಿನೀರಿನ ತೊಟ್ಟಿಗಿಂತ ಕಡಲ ನೀರಿನ ತೊಟ್ಟಿಯಲ್ಲಿ ಅಪಾಯವು ಅಧಿಕ. ಏಕೆಂದರೆ ಕಡಲ ನೀರು ಕ್ಷಾರಗುಣವುಳ್ಳದ್ದು. ಆಮ್ಲ ಕ್ಷಾರಗಳ ಅಳತೆಯಾದ ಪಿ.ಎಚ್. ೭ ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ನೂರು ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾದ ಭಾಗವು ಉಗ್ರವಿಷದ ರೂಪದಲ್ಲಿರುವುದು. ಕಡಲ ನೀರಿನಂತೆ ೮.೨ ಇದ್ದರೆ ಈ ಭಾಗವು ಸುಮಾರು ಆರೇಳು ಪಾಲಿಗೆ ಏರುವುದು.

ಆದುದರಿಂದ ಮೀನು ಬರುವುದಕ್ಕೆ ಮುಂಚೆಯೇ, ಮೇಲೆ ಹೇಳಿದ ಎರಡು ವರ್ಗದ ಸೂಕ್ಷ್ಮಜೀವಿಗಳೂ ತೊಟ್ಟಿಯ ಕಲ್ಲು ಮರಳುಗಳ ಮೇಲೆ ನೆಲೆಸಿ, ಹುಟ್ಟುವ ಅಮೋನಿಯಾವನ್ನು ಅಂದಂದಿಗೆ ಮಾರ್ಪಡಿಸುವಷ್ಟು ವೃದ್ಧಿಯಾಗಿರಬೇಕು. ಹದಕ್ಕೆ ಬರುವುದೆಂದರೆ ಇಷ್ಟೇ. ಈ ಸೂಕ್ಷ್ಮಜೀವಿಗಳು ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಗಳಂತೆ ರಾತ್ರಿ ಬೆಳಗಾಗುವುದರೊಳಗೆ ಹೆಚ್ಚತಕ್ಕವುಗಳಲ್ಲ; ಬಹು ನಿಧಾನವಾಗಿ ವೃದ್ಧಿಹೊಂದುವುವು. ಕಾಯಬೇಕಾದುದು ಇದಕ್ಕಾಗಿಯೇ.

ಈ ವಿಷಯವು ತಿಳಿದುಬಂದ ಬಗೆ.— ೧೮೭೭ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿದ್ವಾಂಸರು, ಮರಳು ಮತ್ತು ಸುಣ್ಣಕಲ್ಲಿನ ಚೂರು ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿವಸಗಳವರೆಗೆ ನೀರಿನಲ್ಲಿದ್ದ ಅಮೋನಿಯಾವು ಹಾಗೆಯೇ ಹೊರಬಂದಿತು. ಆಮೇಲೆ ನೈಟ್ರೇಟು ಕಾಣಿಸಿಕೊಂಡು, ಅಮೋನಿಯಾವು ಇಲ್ಲವಾಯಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಿದೊಡನೆ ಈ ಕ್ರಿಯೆಯು ನಿಂತಿತು. ಆ ಆವಿಯನ್ನು ತೆಗೆದ ಮೇಲೂ ಅದು ತಾನಾಗಿ ಮೊದಲಾಗಲಿಲ್ಲ. ಒಳ್ಳೆಯ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಸೇರಿಸಿದ ತರುವಾಯ ಪುನಃ ಆರಂಭವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸವೆಂದು ಹೀಗೆ ಸಿದ್ಧವಾಯಿತು. ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವ ಕೆಲಸವನ್ನು ೧೮೯೦ರಲ್ಲಿ ವಿನೊಗ್ರಾಡ್‌ಸ್ಕಿ ಎಂಬ ರಷ್ಯಾದ ವಿದ್ವಾಂಸನು ಸಾಧಿಸಿದನು.

ಇಂಗ್ಲೆಂಡಿನ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞನು ೧೮೫೦ರಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು, ಬಸವನಹುಳು, ಜಲಸಸ್ಯಗಳನ್ನು ಒಟ್ಟಿಗೆ ಇಟ್ಟು, ನೀರು ಕೆಡದಂತೆ ಸಾಕುವ ತತ್ತ್ವವನ್ನು ಪ್ರಕಟಿಸಿದನು. ಅದೇ ಹೆಸರಿನ ಅವನ ಮಗನು ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕ್ಷೇತ್ರದಲ್ಲಿ ದುಡಿದು, ಮಣ್ಣಿನಲ್ಲಿ ಅಮೋನಿಯಾವು ನೈಟ್ರೇಟಾಗುವುದು ಎರಡು ಮೆಟ್ಟಲುಗಳಲ್ಲಿ ಎಂಬುದನ್ನು ತೋರಿಸಿದನು. ತಂದೆಯ ತೊಟ್ಟಿಗೂ ಮಗನ ಹೊಲಕ್ಕೂ ಆಧಾರವಾದ ನಿಯಮವು ಒಂದೇ ಆಗಿದ್ದಿತು. ೨೦೦೫ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಕಡಲ ನೀರಿನ ತೊಟ್ಟಿಯೊಂದರಿಂದಲೇ, ಅಮೋನಿಯಾವನ್ನು ಮಾರ್ಪಡಿಸುವ ಹೊಸದೊಂದು ಬಗೆಯ ಸೂಕ್ಷ್ಮಜೀವಿಯು ದೊರೆಯಿತು. ನೈಟ್ರೊಸೊಪ್ಯುಮಿಲಸ್ ಎಂಬ ಹೆಸರಿನ ಇದರ ಬಂಧುಗಳು ಸಮುದ್ರಗಳಲ್ಲೆಲ್ಲಾ ಹೇರಳವಾಗಿರುವುವೆಂದು ಈಗ ತಿಳಿದಿದೆ.

ತೊಟ್ಟಿಯೂ ಅದರ ಸ್ಥಳವೂ.— ಮೊದಲು ಸಾಕುವವರಿಗೆ ಅತಿ ಚಿಕ್ಕ ತೊಟ್ಟಿಯು ಸುಲಭವೆಂದು ತೋರಬಹುದು. ಆದರೆ ನೀರು ಕಡಿಮೆಯಾದಷ್ಟೂ ಅದು ಬೇಗ ಕೆಡುವುದು. ೯೦ ಸೆಂಟಿಮೀಟರ್ ಉದ್ದ, ೪೫ ಅಗಲ, ೪೫ ಎತ್ತರದ ತೊಟ್ಟಿಯು ಅನುಕೂಲವಾದದ್ದು. ಇದರ ಒಳ ಅಳತೆಯು ೧೮೨ ಲೀಟರು. ಕಲ್ಲು ಮರಳುಗಳಿಗೂ ಮೇಲಿನ ಖಾಲಿ ಜಾಗಕ್ಕೂ ಬಿಟ್ಟರೆ ನಿಲ್ಲುವ ನೀರು ಸುಮಾರು ೧೫೦ ಲೀಟರು. ಎಲ್ಲವೂ ಸೇರಿ ತೂಕವು ಎರಡು ಕ್ವಿಂಟಲನ್ನು ಮೀರುವುದರಿಂದ ಕೆಳಗಿನ ಪೀಠವು ಭದ್ರವಾಗಿಯೂ ಸಮಮಟ್ಟವಾಗಿಯೂ ಇರತಕ್ಕದ್ದು. ಬಿಸಿಲು ನೇರವಾಗಿ ಬೀಳುವ ಕಡೆಯಲ್ಲಿಯೂ, ಕ್ರಿಮಿನಾಶಕ ಔಷಧಗಳನ್ನು ಇಟ್ಟಿರುವ ಕೋಣೆಯಲ್ಲಿಯೂ ಇಡಕೂಡದು. ನೀರಿನ ಶಾಖವು ೨೪ ರಿಂದ ೨೭ ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಬಯಲುಸೀಮೆಯ ಬೇಸಗೆಯಲ್ಲಿ ಇದು ಮೀರುವ ಸಂಭವವುಂಟು. ಆಗ ನೀರಿನ ಮೇಲ್ಮೈಯ ಮೇಲೆ ಸಣ್ಣ ಬೀಸಣಿಗೆ ಯಂತ್ರವನ್ನು ತಿರುಗಿಸಿದರೆ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ರೀತಿಯಲ್ಲಿಯೇ ಇಲ್ಲಿಯೂ ಎರಡು ಮೂರು ಡಿಗ್ರಿ ಇಳಿಯುವುದು.

ನೀರನ್ನು ಸದಾ ತಿರುಗಿಸುವ ಪಂಪು ಅತ್ಯಾವಶ್ಯಕ. ಸೂಕ್ಷ್ಮಜೀವಿಗಳಿಗೂ ಮೀನುಗಳಿಗೂ ಆಮ್ಲಜನಕವು ಒದಗುವುದು ಇದರಿಂದಲೇ. ವಿದ್ಯುತ್ತು ಗಂಟೆಗಟ್ಟಲೆ ನಿಲ್ಲುವ ಗ್ರಾಮಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪನ್ನು ತೊಟ್ಟಿಯೊಂದಿಗೇ ಕೊಳ್ಳತಕ್ಕದ್ದು. ಮೀನು ಸಾಯಲಾರಂಭಿಸಿದ ಮೇಲೆ ಹುಡುಕಿಕೊಂಡು ಹೋಗುವುದರಿಂದ ಪ್ರಯೋಜನವಿಲ್ಲ. ವಿದ್ಯುತ್ ತಂತಿಗಳನ್ನು ಕೆಳಕ್ಕೆ ಬಾಗಿಸಿ, ಆಮೇಲೆ ಮೇಲಕ್ಕೆ ಒಯ್ದು ಸೇರಿಸಿದರೆ, ತಂತಿಯ ಮೇಲೆ ಇಳಿದುಬರುವ ಉಪ್ಪುನೀರು ಸ್ವಿಚ್ಚಿಗೆ ತಗಲದೆ ಬಾಗಿನಲ್ಲಿಯೇ ತೊಟ್ಟಿಕ್ಕಿಹೋಗುವುದು.

ನೀರು ಮತ್ತು ಉಪ್ಪು.— ಅಡಿಗೆಯ ಉಪ್ಪನ್ನು ಕರಗಿಸಿದರೆ ಕಡಲ ನೀರಾಗುವುದೆಂದು ಭಾವಿಸುವುದು ತಪ್ಪು. ಸಾವಿರ ಪಾಲು ಕಡಲ ನೀರಿನಲ್ಲಿ ಸುಮಾರು ೩೫ ಪಾಲು ಲವಣಗಳಿರುವುವು. ಸೋಡಿಯಂ ಮತ್ತು ಕ್ಲೋರೈಡು ಅವುಗಳಲ್ಲಿ ಅಧಿಕವಾದರೂ, ಗಂಧಕದ ಲವಣಗಳೂ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ನಿಯಮಿತ ಪ್ರಮಾಣದಲ್ಲಿ ಸೇರಿರುವುವು. ಆದುದರಿಂದ ಇದಕ್ಕಾಗಿಯೇ ತಯಾರಿಸಿದ ಕಡಲುಪ್ಪಿನ ಮಿಶ್ರಣವನ್ನು ಕೊಳ್ಳಬೇಕು. ಲೀಟರಿಗೆ ಸುಮಾರು ೩೬ ಗ್ರಾಂ ಪ್ರಕಾರ ೧೫೦ ಲೀಟರಿಗೆ ೫.೪ ಕಿಲೋಗ್ರಾಂ ಬೇಕಾಗುವುದು; ಮಿಶ್ರಣದಲ್ಲಿರುವ ತೇವಾಂಶವನ್ನನುಸರಿಸಿ ಇದರಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು. ಹಾಲನ್ನು ಪರೀಕ್ಷಿಸುವ ಲ್ಯಾಕ್ಟೊಮೀಟರಿನಂತೆಯೇ ಇರುವ ಹೈಡ್ರೊಮೀಟರಿನಿಂದ ನೋಡಿದಾಗ ನೀರಿನ ಸಾಂದ್ರತೆಯು ೧.೦೨೫ ರಿಂದ ೧.೦೨೬ ಇರತಕ್ಕದ್ದು.

ಉಪ್ಪನ್ನು ಕರಗಿಸುವ ನೀರು ಶುದ್ಧವಾಗಿರಬೇಕು. ಕೊಳವೆ ಬಾವಿಯ ನೀರಿನಲ್ಲಿ ಗಡಸು ಲವಣಗಳೂ, ಗೊಬ್ಬರ ಹಾಕಿದ ಹೊಲಗಳಿಂದ ಇಳಿದ ನೈಟ್ರೇಟೂ ಇರಬಹುದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರಬಹುದು. ಆರ್.ಓ. ಯಂತ್ರದಿಂದ ಶುದ್ಧಿಮಾಡಿದ ನೀರೇ ಉತ್ತಮ. ಕರಾವಳಿಯವರು ಶುದ್ಧವಾದ ಕಡಲ ನೀರನ್ನೇ ತರಬಹುದಾದರೂ, ಹೊಳೆಯ ಮುಖದ ಸಮೀಪದಲ್ಲಿಯೂ ಮಳೆಗಾಲದಲ್ಲಿಯೂ ಅದು ಸಪ್ಪೆಯಾಗಿ ಮಲಿನವಾಗಿರುವುದರಿಂದ ಆಗ ಉಪಯೋಗಕ್ಕೆ ಬಾರದು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಮುಂತಾದುವುಗಳನ್ನು ಈ ಕೆಲಸಕ್ಕೆ ಸರ್ವಥಾ ಮುಟ್ಟಕೂಡದು. ಉಪ್ಪುನೀರಿನಲ್ಲಿ ಕರಗಿದ ತಾಮ್ರವು ಅತ್ಯಲ್ಪವಾದರೂ ಸಿಗಡಿ, ಹವಳ ಮೊದಲಾದ ಜೀವಿಗಳಿಗೆ ಮಾರಕ. ಪ್ಲಾಸ್ಟಿಕ್ ಪೀಪಾಯಿಯಲ್ಲಿ ನೀರನ್ನು ಮೊದಲು ತುಂಬಿ, ಉಪ್ಪನ್ನು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಒಂದು ದಿನ ಪಂಪಿನಿಂದ ಕಲಕಿಸುವುದು ಸರಿಯಾದ ಕ್ರಮ.

ಕಲ್ಲು, ಮರಳು, ಕಾಯಿದೆ.— ೧೯೬೧ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು, ಹವಳದ ದಿಬ್ಬದಿಂದ ತಂದ ಸಜೀವ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು ಗಾಳಿಯನ್ನು ಹಾಯಿಸುವ ಪದ್ಧತಿಯನ್ನು ಪ್ರಕಟಿಸಿದರು. ಅಂಥ ಕಲ್ಲಿನ ರಂಧ್ರಗಳಲ್ಲಿ ಸೂಕ್ಷ್ಮಜೀವಿಗಳು ಮೊದಲೇ ಇರುವುದರಿಂದ ನೀರು ಬೇಗ ಹದವಾಗುವುದು. ಭಾರತದಲ್ಲಾದರೋ ಈ ಮಾರ್ಗವನ್ನು ಹಿಡಿಯತಕ್ಕದ್ದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಪರಿಶಿಷ್ಟಕ್ಕೆ ೨೦೦೧ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳಗಳನ್ನೂ, ಕಡಲ ಕುದುರೆಗಳನ್ನೂ ಸೇರಿಸಲಾಯಿತು. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳುಂಟು. ಅಲ್ಲಿಂದಾಗಲಿ ಬೇರೆ ಕಡಲಿನಿಂದಾಗಲಿ ಒಂದು ತುಂಡನ್ನು ಕಿತ್ತು ತಂದವನೂ, ಅದನ್ನು ಕೊಂಡವನೂ ಅಪರಾಧಿಗಳಾಗುವರು. ೨೦೨೨ರ ತಿದ್ದುಪಡಿಯ ಮೇರೆಗೆ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಜೀವವಾಗಿ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಿಕೊಳ್ಳಬೇಕು. ಗಟ್ಟಿ ಹವಳಗಳೆಲ್ಲವೂ ಆ ಪಟ್ಟಿಗೆ ಸೇರಿವೆ. ಆದುದರಿಂದ ಕಾಗದಪತ್ರವಿಲ್ಲದೆ ಮಾರುವ ಹವಳವನ್ನು, ಎಷ್ಟು ಅಗ್ಗವಾಗಿ ದೊರೆತರೂ, ಮನೆಗೆ ಸೇರಿಸಕೂಡದು. ಸಂದೇಹವಿದ್ದಲ್ಲಿ ಅರಣ್ಯ ಇಲಾಖೆಯವರನ್ನು ವಿಚಾರಿಸಿ ನಡೆಯುವುದು ಕ್ಷೇಮ.

ಇದರಿಂದ ತೊಟ್ಟಿಗೆ ಕುಂದೇನೂ ಇಲ್ಲ. ತೂತುಗಳುಳ್ಳ ಸುಟ್ಟ ಜೇಡಿಯ ಕೃತಕ ಕಲ್ಲುಗಳು ಹತ್ತು ಹದಿನೈದು ಕಿಲೋಗ್ರಾಂ ಇದ್ದರೆ ಸಾಕು. ಸೂಕ್ಷ್ಮಜೀವಿಗಳು ಅವುಗಳ ಮೇಲೂ ನೆಲೆಸುವುವು. ಮರಳನ್ನು ತೆಳುವಾಗಿ ಹರಡಬಹುದು, ಇಲ್ಲವೆ ಬಿಟ್ಟೇ ಬಿಡಬಹುದು. ಕಲ್ಲಿನ ಒಳರಂಧ್ರಗಳಲ್ಲಿ ಗಾಳಿಯಾಡದಿರುವುದರಿಂದ ಇನ್ನೊಂದು ಉಪಕಾರವೂ ಆಗುವುದು. ನೀರು ನಿಂತ ಬತ್ತದ ಗದ್ದೆಗೆ ನೈಟ್ರೇಟ್ ಗೊಬ್ಬರವನ್ನು ಹಾಕಿದರೆ ಅದು ಅನಿಲವಾಗಿ ಹಾರಿಹೋಗಿ ವ್ಯರ್ಥವಾಗುವುದನ್ನು ರೈತರು ಬಲ್ಲರು. ಗದ್ದೆಯಲ್ಲಿ ನಷ್ಟವಾದ ಈ ಕ್ರಿಯೆಯೇ ತೊಟ್ಟಿಯಲ್ಲಿ ಲಾಭ. ಕೂಡಿದ ನೈಟ್ರೇಟು ಇದರಿಂದ ಸ್ವಲ್ಪಮಟ್ಟಿಗೆ ಕಡಿಮೆಯಾಗುವುದು.

ಹದ ಮಾಡುವ ಕ್ರಮ.— ಮೊದಲು ಒಂದು ಗಟ್ಟಿಮುಟ್ಟಾದ ಮೀನನ್ನು ಬಿಟ್ಟು ನೋಡುವ ವಾಡಿಕೆಯು ಹಿಂದೆ ಇದ್ದಿತು. ಪ್ರಾಣಿಗೆ ಹಿಂಸೆಯಾಗುವ ಆ ಪದ್ಧತಿಯು ಈಗ ಅನಾವಶ್ಯಕ. ಮೀನಿನ ಬದಲಾಗಿ ಅಮೋನಿಯಾವನ್ನೇ ಅಳೆದು ಹಾಕಬಹುದು. ಕಲಾಯಿ ಹಾಕುವವರು ಬಳಸುವ ನವಸಾಗರವು ಅಮೋನಿಯಂ ಕ್ಲೋರೈಡೇ. ಆದರೆ ಅಂಗಡಿಯ ನವಸಾಗರವಾಗಲಿ, ಹೊಲದ ಗೊಬ್ಬರವಾಗಲಿ ಇದಕ್ಕೆ ಬೇಕಾದಷ್ಟು ಶುದ್ಧವಲ್ಲ. ಪ್ರಯೋಗಶಾಲೆಗೆಂದು ಮಾರುವ ಶುದ್ಧವಾದುದನ್ನೇ ತರಬೇಕು. ೧೫೦ ಲೀಟರ್ ನೀರಿಗೆ ಒಂದು ಗ್ರಾಮಿಗೆ ತುಸು ಕಡಿಮೆಯಾಗಿ ಕರಗಿಸಿ ಹಾಕಿದರೆ, ಲೀಟರಿಗೆ ಸುಮಾರು ೨ ಮಿಲಿಗ್ರಾಂ ಅಮೋನಿಯಾ ಆಗುವುದು. ಹೆಚ್ಚು ಹಾಕಿದರೆ ಬೇಗ ಹದವಾಗಲಾರದು. ಅತಿಯಾದರೆ ಸೂಕ್ಷ್ಮಜೀವಿಗಳ ವೃದ್ಧಿಯೇ ಕುಂಠಿತವಾಗುವುದು.

ಇದರೊಡನೆ ಹೆಪ್ಪನ್ನೂ ಹಾಕುವುದು ಒಳ್ಳೆಯದು. ರೋಗವಿಲ್ಲದ ಹಳೆಯ ಕಡಲ ನೀರಿನ ತೊಟ್ಟಿಯಿಂದ ಒಂದು ಹಿಡಿ ಮರಳನ್ನಾಗಲಿ ಕಲ್ಲಿನ ತುಂಡನ್ನಾಗಲಿ ತಂದಿಟ್ಟರೆ, ಇಲ್ಲವೆ ಸೀಸೆಗಳಲ್ಲಿ ಮಾರುವ ಸೂಕ್ಷ್ಮಜೀವಿಗಳನ್ನು ಸೇರಿಸಿದರೆ, ಅವಧಿಯು ಕಡಿಮೆಯಾಗುವುದು. ಪಂಪು ಹಗಲಿರುಳೂ ನಡೆಯುತ್ತಿರಬೇಕು. ದೀಪವನ್ನು ಹಚ್ಚಬೇಕಾಗಿಲ್ಲ, ಬೆಳಕಿನಿಂದ ಆಗ ಪಾಚಿಯೇ ಬೆಳೆಯುವುದು.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಈ ಮೂರನ್ನೂ ಅಳೆಯುವ ಪರೀಕ್ಷಾ ಪೆಟ್ಟಿಗೆಗಳು ದೊರೆಯುವುವು. ಎರಡು ಮೂರು ದಿವಸಗಳಿಗೊಮ್ಮೆ ಪರೀಕ್ಷಿಸಿ, ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹೆಪ್ಪಿಲ್ಲದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲಿನ ಒಂದೆರಡು ವಾರ ಅಮೋನಿಯಾವು ಇದ್ದಂತೆಯೇ ಇರುವುದು. ಅನಂತರ ಅದು ಇಳಿಯುತ್ತ, ನೈಟ್ರೈಟು ಏರುವುದು. ಆಗ ಅಮೋನಿಯಾವು ಸೊನ್ನೆಗೆ ಬಂದಿತೆಂದು ಮೀನು ತರಲು ಹೊರಡಕೂಡದು. ಕೆಲಸವು ಅರ್ಧವಾಗಿದೆಯೆಂದು ಮಾತ್ರ ತಿಳಿಯಬೇಕು. ಮೊದಲು ಹಾಕಿದುದರ ಅರ್ಧದಷ್ಟು ಅಮೋನಿಯಂ ಕ್ಲೋರೈಡನ್ನು ಪುನಃ ಹಾಕಿ, ಮೊದಲನೆಯ ವರ್ಗದ ಜೀವಿಗಳನ್ನು ಉಪವಾಸ ಕೆಡವದೆ, ಎರಡನೆಯ ವರ್ಗವು ವೃದ್ಧಿಯಾಗುವವರೆಗೆ ಕಾಯಬೇಕು. ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟು ಮಾತ್ರ ಉಳಿಯುವುದು. ಇದಕ್ಕೆಲ್ಲ ನಾಲ್ಕರಿಂದ ಆರು ವಾರಗಳು ಹಿಡಿಯುವುದು ಸಾಧಾರಣ.

ಕೊನೆಯ ಪರೀಕ್ಷೆಯು ಹೀಗೆ: ಲೀಟರಿಗೆ ೨ ಮಿಲಿಗ್ರಾಂ ಆಗುವಷ್ಟು ಅಮೋನಿಯಾವನ್ನು ಮತ್ತೊಮ್ಮೆ ಹಾಕಿ, ೨೪ ಗಂಟೆಗಳ ತರುವಾಯ ಅಳೆಯಬೇಕು. ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಯಾಗಿದ್ದರೆ ತೊಟ್ಟಿಯು ಹದವಾಯಿತು. ಎರಡರಲ್ಲಿ ಒಂದು ಉಳಿದಿದ್ದರೂ ಇನ್ನೊಂದು ವಾರ ಕಾಯತಕ್ಕದ್ದು. ನೀರಿನ ತಿಳಿಯಾಗಲಿ, ಅಂಗಡಿಯವನ ಮಾತಾಗಲಿ, ಕಳೆದ ದಿವಸಗಳ ಸಂಖ್ಯೆಯಾಗಲಿ ಈ ಪರೀಕ್ಷೆಗೆ ಬದಲಾಗಲಾರವು.

ಮೀನು ಬಿಡುವುದು.— ಹದವಾದ ಮೇಲೆ ಅರ್ಧದಷ್ಟು ನೀರನ್ನು ತೆಗೆದು ಹೊಸ ಉಪ್ಪುನೀರನ್ನು ತುಂಬಿದರೆ ಕೂಡಿದ ನೈಟ್ರೇಟು ಇಳಿಯುವುದು. ಮೊದಲನೆಯ ಸಲ ಎರಡು ಚಿಕ್ಕ ಮೀನುಗಳು ಸಾಕು. ಕ್ಲೌನ್ ಮೀನು ಎಂಬ ಕಿತ್ತಳೆ ಬಣ್ಣದ ಬಿಳಿಪಟ್ಟೆಯ ಜಾತಿಯು ಸಾಕುವುದಕ್ಕೆ ಸುಲಭವಾದದ್ದು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವುಗಳನ್ನು ತೊಟ್ಟಿಗಳಲ್ಲಿಯೇ ಮರಿಮಾಡಿಸುವ ವಿಧಾನವನ್ನು ಸಿದ್ಧಪಡಿಸಿರುವರು. ಹೀಗೆ ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಕೊಳ್ಳುವುದು ಯುಕ್ತ. ಅವು ತೊಟ್ಟಿಯ ಜೀವನಕ್ಕೆ ಒಗ್ಗಿರುವುವು, ಕಡಲಿನ ದಿಬ್ಬಗಳಿಗೂ ಹಾನಿಯಿಲ್ಲ. ಎರಡು ಮೂರು ವಾರ ನೋಡಿ, ಪರೀಕ್ಷೆಯಲ್ಲಿ ಅಮೋನಿಯಾವು ಕಾಣದಿದ್ದರೆ ಮುಂದಿನ ಮೀನನ್ನು ತರಬಹುದು. ಎರಡು ಎತ್ತುಗಳಿಗೆ ಮೇವಿರುವ ಮನೆಗೆ ಹತ್ತು ಎತ್ತುಗಳನ್ನು ಒಮ್ಮೆಗೇ ತಂದು ಕಟ್ಟಿದರೆ ಆಗುವ ಗತಿಯೇ, ಮೀನುಗಳನ್ನು ಒಮ್ಮೆಗೇ ತುಂಬಿದ ತೊಟ್ಟಿಗೂ ಆಗುವುದು. ಆಹಾರವನ್ನು ಒಂದೆರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಮೊದಲಿನ ತಿಂಗಳುಗಳಲ್ಲಿ ಕಲ್ಲಿನ ಮೇಲೆ ಕಂದು ಪೊರೆಯೂ ಆಮೇಲೆ ಹಸಿರು ಪಾಚಿಯೂ ಕಾಣಿಸಿಕೊಳ್ಳುವುದು ಸ್ವಾಭಾವಿಕ. ಇದಕ್ಕೆ ಹೆದರಿ ಔಷಧಗಳನ್ನು ಸುರಿಯಬಾರದು.

ನೀರು ಆರಿಹೋಗುವಾಗ ಉಪ್ಪು ಹಾರಿಹೋಗುವುದಿಲ್ಲ. ಬಸಿಗಾಲುವೆಯಿಲ್ಲದ ನೀರಾವರಿ ಜಮೀನು ಚೌಳಾಗುವುದು ಇದೇ ಕಾರಣದಿಂದ. ಆದುದರಿಂದ ತಗ್ಗಿದ ಮಟ್ಟವನ್ನು ಪ್ರತಿದಿನವೂ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಇದಲ್ಲದೆ ಎರಡು ವಾರಗಳಿಗೊಮ್ಮೆ ಹತ್ತರಲ್ಲೊಂದು ಪಾಲನ್ನು ತೆಗೆದು ಹೊಸ ಉಪ್ಪುನೀರನ್ನು ಹಾಕಬೇಕು.

ತೆಗೆದ ನೀರಿನ ವಿಷಯದಲ್ಲಿ ಎಚ್ಚರಿಕೆ.— ಹದಿನೈದು ಲೀಟರ್ ಹಳೆಯ ನೀರಿನಲ್ಲಿ ಅರ್ಧ ಕಿಲೋಗ್ರಾಮಿಗೂ ಮೇಲ್ಪಟ್ಟು ಉಪ್ಪಿರುವುದು. ನೈಟ್ರೇಟು ಬೆಳೆಗೆ ಒಳ್ಳೆಯದೆಂದು ಇದನ್ನು ಗಿಡಗಳಿಗೆ ಹೊಯ್ದರೆ ಗಿಡವೂ ಮಣ್ಣೂ ಕೆಡುವುವು. ತಿಪ್ಪೆಗೂ, ಬಾವಿಯ ಬಳಿಯಲ್ಲಿಯೂ, ಕೆರೆಗೆ ಹೋಗುವ ಕಾಲುವೆಗೂ ಚೆಲ್ಲಕೂಡದು. ಬಚ್ಚಲಿನ ನೀರು ತೋಟಕ್ಕೆ ಹರಿಯುವ ಮನೆಗಳಲ್ಲಿ ಬಚ್ಚಲಿಗೂ ಹೊಯ್ಯಬಾರದು. ಕ್ರಿಮಿನಾಶಕವನ್ನು ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಯಲ್ಲಿ ಅದ್ದುವುದೂ, ಸೊಳ್ಳೆಯ ಔಷಧವನ್ನು ಅದರ ಹತ್ತಿರ ಉಪಯೋಗಿಸುವುದೂ ಅಪಾಯಕರ.

ಒಟ್ಟಿನಲ್ಲಿ ಹೇಳತಕ್ಕದ್ದೇನೆಂದರೆ: ತೊಟ್ಟಿಯನ್ನು ಕೊಳ್ಳುವ ದಿನವೇ ಮೀನನ್ನು ಕೊಳ್ಳಕೂಡದು. ಮೊದಲು ಉಪ್ಪುನೀರು, ಕಲ್ಲು, ಪಂಪು, ಪರೀಕ್ಷಾ ಪೆಟ್ಟಿಗೆ ಇವುಗಳಿಗೆ ಹಣವನ್ನು ಹಾಕಿ, ನಾಲ್ಕಾರು ವಾರ ಲೆಕ್ಕ ಬರೆಯುತ್ತ ಬಂದು, ಕೊನೆಯ ಪರೀಕ್ಷೆಯಲ್ಲಿ ಎರಡು ಸೊನ್ನೆಗಳನ್ನು ಕಂಡ ಮೇಲೆ ಮೀನನ್ನು ತರತಕ್ಕದ್ದು. ಬಿತ್ತನೆಗೆ ಹದವನ್ನು ನೋಡಿ ಕಾಯಬಲ್ಲ ಒಕ್ಕಲಿಗನಿಗೆ ಈ ಆರು ವಾರಗಳ ತಾಳ್ಮೆಯು ದೊಡ್ಡದಲ್ಲ.